ಮತ್ತೋಡಿನ ಬಳೆಯೂ ಇಂಗ್ಲಿಷ್ ವಾಚಕವೂ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಎಂಬ ಗ್ರಾಮದ ಹೆಸರು ಆಂಗ್ಲರ ಗ್ರಂಥಗಳಲ್ಲಿ ಅಚ್ಚಾಗಿ ಇನ್ನೂರು ವರ್ಷಗಳಿಗೆ ಮಿಗಿಲಾಯಿತು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಕಂಪನಿ ಸರಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿ ನೋಡಲು ಹೊರಟ ವೈದ್ಯ ಫ್ರಾನ್ಸಿಸ್ ಬುಕನನ್ನನು ಈ ಊರಿನ ಗಾಜಿನ ಕೆಲಸವನ್ನು ವಿಚಾರಿಸಿ, ಚೌಳಿನ ಉಪ್ಪು, ಬೆಣಚುಕಲ್ಲಿನ ಪುಡಿ, ಬೆಂಕಿ ಇವು ಕೂಡಿ ಹೆಂಗಸರ ಕೈಬಳೆಯಾಗುವ ಕ್ರಮವನ್ನು ಬರೆದುಕೊಂಡನು. ಅವನ ಪ್ರವಾಸಕಥನವು 1807ರಲ್ಲಿ ಲಂಡನ್ ನಗರದಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ತರುವಾಯ ಲೂಯಿ ರೈಸರು ಮೈಸೂರು ಗೆಜೆಟಿಯರಿನಲ್ಲಿ ಅದೇ ಸಂಗತಿಯನ್ನು ಮತ್ತೆ ಹೇಳಿದರು: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಗಾಜು, ಕೋಟೆಗೋಡೆಯ ಒಳಮಗ್ಗುಲಿಗೆ ಕಟ್ಟಿದ ಎತ್ತರದ ಜಗಲಿ, ಅದರೊಳಗೆ ಗುಮ್ಮಟದಂತಹ ಕುಲುಮೆಗಳು. ಆ ಕುಲುಮೆಗಳು ಆರಿಹೋಗಿ ಬಹುಕಾಲವಾಗಿದೆ. ಆದರೆ ಅವುಗಳ ವೃತ್ತಾಂತವು ಇಂಗ್ಲಿಷಿನಲ್ಲಿ ಇಂದಿಗೂ ಉಳಿದಿದೆ.

ಇನ್ನು ಅದೇ ಹೋಬಳಿಯ ಒಬ್ಬ ಬಾಲಕನು ಇಂಗ್ಲಿಷ್ ಕಲಿಯುವ ಪರಿಯನ್ನು ನೋಡಬೇಕು. ಬೆಳಿಗ್ಗೆ ಏಳೂವರೆಗೆ ವ್ಯಾನು ಬರುತ್ತದೆ. ಕೊರಳಿಗೆ ಟೈ ಬಿಗಿದುಕೊಂಡು ಅವನು ಪೇಟೆಯ ಶಾಲೆಗೆ ಹೋಗುತ್ತಾನೆ. ಅಲ್ಲಿ ನುಣುಪು ಕಾಗದದ ಬಣ್ಣಬಣ್ಣದ ವಾಚಕವನ್ನು ತೆರೆದರೆ ಮಂಜುಗಡ್ಡೆಯ ಬೊಂಬೆ ಮಾಡುವ ಮಕ್ಕಳು, ಹೊಗೆಕೊಳವೆಯ ಮನೆ, ಓಟ್ಸಿನ ಗಂಜಿ, ಕುರಿಯುಣ್ಣೆಯ ಕೈಚೀಲ ತೊಟ್ಟ ಅಜ್ಜಿ. ಹಾಡಿನ ವೇಳೆಯಲ್ಲಿ ಮಕ್ಕಳೆಲ್ಲ ಎದ್ದುನಿಂತು, ಕೈಬೀಸಿ, ಮಳೆಯನ್ನು ಹೊರಟುಹೋಗೆಂದು ಗದರಿಸುವ ಆ ಜಗತ್ಪ್ರಸಿದ್ಧ ಶಿಶುಗೀತವನ್ನು ಹೇಳುತ್ತಾರೆ. ಚಿತ್ರದುರ್ಗ ಜಿಲ್ಲೆಯ ಮಕ್ಕಳಿಗೆ ಕಲಿಸಲು ಇದಕ್ಕಿಂತ ಅನುಚಿತವಾದ ಪದ್ಯವನ್ನು ಹುಡುಕಿದರೂ ಸಿಕ್ಕದು. ಮಣ್ಣಿನ ಮಳೆರಾಯನನ್ನು ಹುಡುಗನ ತಲೆಯ ಮೇಲಿಟ್ಟು ಮನೆಮನೆಯ ಮುಂದೆ ನೀರೆರಸಿಕೊಂಡು ಬರುವ, ಕಪ್ಪೆಗೆ ಮದುವೆ ಮಾಡಿಯಾದರೂ ಮೋಡವನ್ನು ಕರೆಯುವ ಸೀಮೆ ಇದು. ಆ ಮೆರವಣಿಗೆಯಲ್ಲಿ ನಡೆದ ಹುಡುಗನೇ ಮರುದಿನ ಶಾಲೆಯಲ್ಲಿ ಮಳೆಯನ್ನು ಅಟ್ಟುತ್ತಾನೆ. ಅವನು ಹೇಳಿದುದರ ಅರ್ಥವು ಅವನಿಗೆ ತಿಳಿದಿಲ್ಲವೆಂಬುದೊಂದೇ ಸಮಾಧಾನ. ಆದರೆ ಅರ್ಥ ತಿಳಿಯದೆ ಹೇಳುವುದನ್ನು ಭಾಷೆಯೆನ್ನುವುದು ಹೇಗೆ?

ಇಂಗ್ಲಿಷು ಬೇಕೆ ಬೇಡವೆ ಎಂಬ ಚರ್ಚೆಯನ್ನು ಇಲ್ಲಿ ಎತ್ತಿಲ್ಲ. ಆ ಚರ್ಚೆಯು ಬೇಕಾದಷ್ಟು ನಡೆದಿದೆ. 1981ರ ಜನವರಿಯಲ್ಲಿ ವರದಿಯನ್ನೊಪ್ಪಿಸಿ ಕನ್ನಡಕ್ಕೆ ಪ್ರಥಮ ಸ್ಥಾನ ಕೊಡಬೇಕೆಂದ ವಿನಾಯಕ ಕೃಷ್ಣ ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರೇ ಆಗಿದ್ದರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ದ್ವೇಷಿಸಬೇಕಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಿಂದೆ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷು 2007-08ರಿಂದ ಒಂದನೆಯ ತರಗತಿಗೇ ಬಂದಿತು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಧ್ಯಮದ ಆಯ್ಕೆಯನ್ನು ಸರಕಾರವು ಬಲವಂತಪಡಿಸಲಾಗದೆಂದು ತೀರ್ಪಿತ್ತಿತು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಹೀಗೆ ಎಷ್ಟು ಬೇಗ, ಎಷ್ಟು ಹೊತ್ತು, ಯಾವ ಮಾಧ್ಯಮ ಎಂಬ ಪ್ರಶ್ನೆಗಳಿಗಾಗಿ ಆಯೋಗಗಳು ಕುಳಿತವು, ಮೆರವಣಿಗೆಗಳು ಹೊರಟವು, ನ್ಯಾಯವಾದಿಗಳು ವಾದಿಸಿದರು. ಮಗುವಿನ ಮುಂದೆ ಇಡುವ ಪುಟದಲ್ಲಿ ಏನಿರಬೇಕೆಂಬುದನ್ನು ಮಾತ್ರ ಪುಸ್ತಕದಂಗಡಿಯವನ ನಿರ್ಣಯಕ್ಕೆ ಬಿಟ್ಟಂತಾಗಿದೆ.

ಈ ವಿಷಯದಲ್ಲಿ ವಿದ್ಯಾವಂತ ಗೃಹಸ್ಥರ ಪೂರ್ವಪಕ್ಷವೊಂದುಂಟು. ಅದನ್ನು ಅವರು ಬಾಯಿಬಿಟ್ಟು ಹೇಳುವುದು ಕಡಮೆ. ಆದರೆ ಪುಸ್ತಕವನ್ನು ಕೊಳ್ಳುವಾಗ ಕೈಯಲ್ಲಿ ತಿರುವಿ, ಕಾಗದವನ್ನು ಉಜ್ಜಿ, ಬೆಲೆಯನ್ನು ನೋಡಿ ತೃಪ್ತರಾಗುವ ರೀತಿಯಿಂದಲೇ ಅದು ತಿಳಿಯುತ್ತದೆ. ಇಂಗ್ಲಿಷು ಇಂಗ್ಲೆಂಡಿನ ಭಾಷೆ. ಆದುದರಿಂದ ಪುಸ್ತಕವು ಎಷ್ಟು ಇಂಗ್ಲೆಂಡಿನದಾಗಿದ್ದರೆ ಇಂಗ್ಲಿಷು ಅಷ್ಟು ಶುದ್ಧವಾಗಿ ಬರುತ್ತದೆ. ಮನೆಯ ವಿಷಯವನ್ನು ಕಲಿಯಲು ಶಾಲೆಗೇಕೆ ಹೋಗಬೇಕು? ಮೇಲುನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ ಪಾಠದಲ್ಲಿ ಏನು ನಡೆಯುತ್ತದೆಂಬುದನ್ನು ವಿಚಾರಿಸಿದರೆ ನಿಲ್ಲುವುದಿಲ್ಲ. ಮಂಜು ಎಂಬುದಕ್ಕೆ ಇಂಗ್ಲಿಷ್ ಶಬ್ದವೂ ಹೊಸದು, ಮಂಜು ಎಂಬ ಪದಾರ್ಥವೂ ಹೊಸದು. ಉಪಾಧ್ಯಾಯನು ಪದಾರ್ಥವನ್ನು ಕನ್ನಡದಲ್ಲಿ ವಿವರಿಸತೊಡಗುವನು. ಹಿಮ ಹೇಗೆ ಬೀಳುತ್ತದೆ, ಅಲ್ಲಿಯವರು ಹೇಗೆ ನಡೆಯುತ್ತಾರೆ ಎಂದು ಅರ್ಧಗಂಟೆಯ ಕನ್ನಡ ಉಪನ್ಯಾಸವಾಗುವುದು. ಗಂಟೆ ಬಾರಿಸುವ ಹೊತ್ತಿಗೆ ಮಗುವಿನ ಬಾಯಿಂದ ಬಂದ ಇಂಗ್ಲಿಷು ಒಂದು ಶಬ್ದ ಮಾತ್ರ. ಆ ಶಬ್ದಕ್ಕೂ ಪುಸ್ತಕದ ಹೊರಗೆ ಉಪಯೋಗವಿಲ್ಲ. ತೆಂಗಿನಕಾಯಿಯ ವಿಷಯವಾದ ಪಾಠವಾಗಿದ್ದರೆ ಪದಾರ್ಥವನ್ನು ಹೇಳಿಕೊಡಬೇಕಾದ ಕೆಲಸವಿಲ್ಲ. ಅರ್ಧಗಂಟೆಯೂ ಭಾಷೆಗೇ ಮೀಸಲು. ಹೊಸದುರ್ಗದ ಹುಡುಗನಿಗೆ ಎಳನೀರು, ದೋರಗಾಯಿ, ಬಲಿತ ಕಾಯಿ, ಕೊಬ್ಬರಿ ಇವುಗಳ ಭೇದ ಉಪಾಧ್ಯಾಯನಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಆ ತಿಳಿವಳಿಕೆಯೆಲ್ಲ ಹೊರಗೆ ಬರಲು ಬಾಗಿಲನ್ನು ತಟ್ಟುತ್ತಿರುತ್ತದೆ. ಬೇಕಾದುದು ಮಾತು ಮಾತ್ರ.

ಸಂಸ್ಕೃತವನ್ನು ಕಲಿಸಿದ ಪೂರ್ವಿಕರಿಗೆ ಈ ಮರ್ಮವು ತಿಳಿಯದ್ದಲ್ಲ. ಅಮರಶಕ್ತಿಯ ಮೂವರು ಮಂದಮತಿ ಪುತ್ರರನ್ನು ಆರು ತಿಂಗಳಲ್ಲಿ ತಿದ್ದುವೆನೆಂದು ಪ್ರತಿಜ್ಞೆ ಮಾಡಿದ ವಿಷ್ಣುಶರ್ಮನು ಅವರ ಮುಂದೆ ನೀತಿಸೂತ್ರವನ್ನು ಹಿಡಿಯಲಿಲ್ಲ. ಕಾಗೆ, ನರಿ, ಆಮೆ, ಎತ್ತುಗಳನ್ನು ತಂದು ನಿಲ್ಲಿಸಿದನು. ನೀತಿಯು ಹೊಸದು, ನರಿಯು ಹೊಸದಲ್ಲ. ಶಬ್ದಗಳ ಪಟ್ಟಿಯನ್ನೇ ಭಾಷೆಯೆಂದು ಭಾವಿಸುವವರಿಗೆ ಪತಂಜಲಿ ಮಹರ್ಷಿಯು ಮಹಾಭಾಷ್ಯದ ಆರಂಭದಲ್ಲಿಯೇ ಉತ್ತರವನ್ನು ಕೊಟ್ಟಿದ್ದಾನೆ. ಬೃಹಸ್ಪತಿಯೇ ಗುರು, ದೇವೇಂದ್ರನೇ ಶಿಷ್ಯ, ಸಾವಿರ ದೇವವರ್ಷಗಳ ಕಾಲಾವಕಾಶ. ಒಂದೊಂದೇ ಶಬ್ದವನ್ನು ಹೇಳಿಕೊಡುತ್ತ ಹೋದರೂ ಕೊನೆ ಮುಟ್ಟಲಿಲ್ಲವಂತೆ. ದಿನಕ್ಕೆ ಹತ್ತು ಶಬ್ದಗಳನ್ನು ಗೋಡೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವ ಶಾಲೆಗಳಿಗೆ ಬೃಹಸ್ಪತಿಗೆ ಇದ್ದಷ್ಟು ಬಿಡುವು ಇರುವಂತೆ ಕಾಣುವುದಿಲ್ಲ. ಪಾಠಶಾಲೆಗಳಲ್ಲಿಯೂ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಮಾಡಿಸುತ್ತಿದ್ದರು, ಅದರಲ್ಲಿ ಹೊಡೆತಗಳೂ ಸೇರಿದ್ದುವು. ಆದರೆ ಅಮರಸಿಂಹನು ಶಬ್ದಗಳನ್ನು ಅಕ್ಷರಕ್ರಮದಲ್ಲಿ ಎಳೆದು ಕಟ್ಟಲಿಲ್ಲ. ಆಕಾಶ, ದಿಕ್ಕು, ಕಾಲ, ಭೂಮಿ, ಪುರ, ಪರ್ವತ, ವನೌಷಧಿ ಎಂದು ಲೋಕವು ಇದ್ದ ಹಾಗೆ ವರ್ಗಗಳನ್ನು ಮಾಡಿದನು. ಅದನ್ನು ಕಲಿತವನು ಮರುವರ್ಷ ರಘುವಂಶಕ್ಕೆ ಹೋದಾಗ ಆ ಶಬ್ದಗಳು ಮೈತುಂಬಿ ಎದುರಾಗುತ್ತಿದ್ದುವು. ಸೇಬಿನ ಚಿತ್ರದಿಂದ ಆರಂಭವಾಗಿ, ಯಾರೂ ಕಾಣದ ಪಟ್ಟೆಕುದುರೆಯ ಚಿತ್ರದಲ್ಲಿ ಮುಗಿಯುವ ಅಕ್ಷರಮಾಲೆಗೆ ಆ ಭಾಗ್ಯವೂ ಇಲ್ಲ.

ಇಂಗ್ಲಿಷರೇ ಇದನ್ನು ಅರಿಯದೆ ಇರಲಿಲ್ಲ. ಢಾಕಾ ನಗರದಲ್ಲಿ ಉಪಾಧ್ಯಾಯರ ಶಿಕ್ಷಣ ಸಂಸ್ಥೆಯಲ್ಲಿದ್ದ ಮೈಕೇಲ್ ವೆಸ್ಟನು, ಬಂಗಾಳದ ಹುಡುಗರು ಇಂಗ್ಲಿಷ್ ವಾಚಕಗಳಲ್ಲಿ ಎಡವುವುದೇಕೆಂದು ಪರೀಕ್ಷಿಸಿದನು. ಹೊಸ ಶಬ್ದಗಳು ಒಂದರ ಮೇಲೊಂದು ಒತ್ತಾಗಿ ಬೀಳುತ್ತವೆ, ಬಂದ ಶಬ್ದವು ಮತ್ತೆ ಬರುವುದಿಲ್ಲ, ಅವುಗಳಲ್ಲಿ ಬಹುಪಾಲು ನಿತ್ಯದ ಬಳಕೆಗೆ ಬೇಡವಾದವು ಎಂದು ಕಂಡುಕೊಂಡು, 1926ರಲ್ಲಿ ತನ್ನ ಶೋಧನೆಯನ್ನು ಪ್ರಕಟಿಸಿದನು. ಹೊಸ ಶಬ್ದಗಳನ್ನು ವಿರಳವಾಗಿ ಬಿತ್ತಿ, ಮತ್ತೆ ಮತ್ತೆ ಬರುವಂತೆ ಮಾಡಿ ಹೊಸ ಬಗೆಯ ವಾಚಕಗಳನ್ನು ರಚಿಸಿದನು. ಸುಮಾರು ಎರಡು ಸಾವಿರ ಶಬ್ದಗಳಿಂದ ಸಾಮಾನ್ಯ ವ್ಯವಹಾರವೆಲ್ಲ ನಡೆಯುವುದೆಂಬ ಅವನ ಪಟ್ಟಿಯು 1953ರಲ್ಲಿ ಬಂದಿತು. ನೂರು ವರ್ಷ ಕಳೆದರೂ ಪೇಟೆಯ ಪುಸ್ತಕಗಳನ್ನು ಮಾಡುವವರು ಈ ಸಣ್ಣ ಲೆಕ್ಕವನ್ನು ಕೂಡ ಮಾಡಿದಂತೆ ತೋರುವುದಿಲ್ಲ. ಗೃಹಸ್ಥರು ಪುಸ್ತಕವನ್ನು ಕೊಳ್ಳುವ ಮೊದಲು ಯಾವುದಾದರೂ ಒಂದು ಪುಟವನ್ನು ತೆರೆದು, ಮಗುವಿಗೆ ಗೊತ್ತಿಲ್ಲದ ಶಬ್ದಗಳೆಷ್ಟು, ಅವುಗಳಲ್ಲಿ ಮುಂದಿನ ಹತ್ತು ಪುಟಗಳೊಳಗೆ ಮರಳಿ ಬರುವವೆಷ್ಟು ಎಂದು ಬೆರಳು ಮಡಿಸಿ ಎಣಿಸಿದರೆ ಸಾಕು. ಕಾಗದದ ನುಣುಪಿಗಿಂತ ಅದು ಹೆಚ್ಚು ಸತ್ಯವನ್ನು ಹೇಳುತ್ತದೆ.

ವೆಸ್ಟನ ಮಾತು ಹಾಗಿರಲಿ. ಕನ್ನಡ ನಾಡಿನ ರಾಜಧಾನಿಯಲ್ಲಿಯೇ ನಡೆದ ಒಂದು ಪ್ರಯೋಗವನ್ನು ಹೊರದೇಶದ ವಿದ್ವಾಂಸರು ಓದಿ ಚರ್ಚಿಸುತ್ತಿರುವಾಗ ಇಲ್ಲಿಯವರು ಮರೆತಿದ್ದಾರೆ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಿಂದ, ಎನ್. ಎಸ್. ಪ್ರಭು ಎಂಬವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಹೊಸ ಕ್ರಮವನ್ನು ನಡೆಸಿ ನೋಡಿದರು. ವ್ಯಾಕರಣದ ಸೋಪಾನವಿಲ್ಲ, ಕಂಠಪಾಠವಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕಾಶೆ, ಅಂಗಡಿಯ ಬೆಲೆಯ ಲೆಕ್ಕ ಇಂತಹವನ್ನು ಹುಡುಗರ ಮುಂದಿಟ್ಟು, ಇಷ್ಟು ಹೊತ್ತಿಗೆ ಇಲ್ಲಿಂದ ಹೊರಟವನು ಎಷ್ಟು ಹೊತ್ತಿಗೆ ಅಲ್ಲಿಗೆ ತಲಪಬಲ್ಲನು ಎಂದು ಇಂಗ್ಲಿಷಿನಲ್ಲಿ ಕೇಳುವುದು. ಮೊದಲು ಉಪಾಧ್ಯಾಯನು ತರಗತಿಯೊಡನೆ ಒಂದನ್ನು ಬಿಡಿಸಿ ತೋರಿಸುವುದು. ಬಳಿಕ ಅದೇ ತೆರನಾದ ಇನ್ನೊಂದನ್ನು ಒಬ್ಬೊಬ್ಬನೂ ತಾನೇ ಬಿಡಿಸುವುದು. ಲೆಕ್ಕವನ್ನು ಬಿಡಿಸುವ ಭರದಲ್ಲಿ ಭಾಷೆಯು ಹಿಂಬಾಗಿಲಿನಿಂದ ಒಳಗೆ ಬರುವುದೆಂಬುದು ಅವರ ತತ್ತ್ವ. 1987ರಲ್ಲಿ ಅವರು ಬರೆದ ಗ್ರಂಥವನ್ನು ಭಾಷಾಬೋಧನೆಯನ್ನು ಅಭ್ಯಸಿಸುವವರು ಲೋಕದಾದ್ಯಂತ ಓದುತ್ತಾರೆ. ಬೆಂಗಳೂರು ಯೋಜನೆಯೆಂದೇ ಅದಕ್ಕೆ ಹೆಸರು. ಅದರಲ್ಲಿ ವ್ಯಾಕರಣವನ್ನು ಅಷ್ಟು ದೂರವಿಟ್ಟುದು ಸರಿಯೆಂದು ಪಾಣಿನಿಯ ಅನ್ನವನ್ನು ಉಂಡವರು ಒಪ್ಪುವುದು ಕಷ್ಟ. ದೊಡ್ಡ ತರಗತಿಗೆ ಸೂತ್ರವೊಂದರ ಆಸರೆ ಬೇಕೇ ಬೇಕು. ಆದರೆ ಸಾಮಗ್ರಿಯ ವಿಷಯದಲ್ಲಿ ಆ ಯೋಜನೆಯು ಹಿಡಿದ ದಾರಿಯು ನಿರ್ದುಷ್ಟವಾದುದು.

ಅದನ್ನು ಮತ್ತೋಡು ಹೋಬಳಿಗೆ ಹೊಂದಿಸಲು ಏನು ಬೇಕು? ಹೊಸದುರ್ಗ ರೋಡ್ ಎಂಬ ರೈಲುನಿಲ್ದಾಣವು ಇದೆ. ಅಲ್ಲಿ ನಿಲ್ಲುವ ಗಾಡಿಗಳ ವೇಳಾಪಟ್ಟಿಯನ್ನು ಯಾರೂ ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ನೆರೆಯ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ವಾಣೀವಿಲಾಸ ಸಾಗರದ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೂ ಚಾಚಿದೆ. ಆ ಜಲಾಶಯದ ಪೂರ್ಣಮಟ್ಟ 130 ಅಡಿ. ಇಂದಿನ ಮಟ್ಟವು ಇಷ್ಟು, ನಿನ್ನೆಯದು ಇಷ್ಟು ಎಂದು ಪತ್ರಿಕೆಗಳಲ್ಲಿ ಬರುತ್ತದೆ. ತುಂಬಲು ಇನ್ನೆಷ್ಟು ಅಡಿ ಬೇಕು? ದಿನಕ್ಕೆ ಅರ್ಧ ಅಡಿಯಂತೆ ಏರಿದರೆ ಎಂದು ಕೋಡಿ ಬಿದ್ದೀತು? 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದುದು 2022ರಲ್ಲಿ. ನಡುವೆ ಎಷ್ಟು ವರ್ಷ? ಮೊದಲನೆಯದನ್ನು ಕಂಡವರು ಊರಿನಲ್ಲಿ ಯಾರಾದರೂ ಇದ್ದಾರೆಯೆ? ಈ ನಾಲ್ಕು ಪ್ರಶ್ನೆಗಳಲ್ಲಿ ಭೂತ, ವರ್ತಮಾನ, ಭವಿಷ್ಯತ್ತುಗಳೂ, ಸಂಶಯಾರ್ಥವೂ, ಸಂಖ್ಯೆಯೂ ಬಂದುಹೋದುವು. ಜಲಾಶಯವು ತುಂಬಿತೆ ಇಲ್ಲವೆ ಎಂಬುದು ಆ ಮಕ್ಕಳ ಮನೆಯಲ್ಲಿ ಊಟದ ಹೊತ್ತಿನ ಮಾತು. ಅದನ್ನು ಇಂಗ್ಲಿಷಿನಲ್ಲಿ ಆಡಲು ಕಲಿತ ಹುಡುಗನು ಭಾಷೆಯನ್ನು ಕಲಿತವನು. ಥೇಮ್ಸ್ ನದಿಯ ಸೇತುವೆ ಬೀಳುತ್ತಿದೆಯೆಂದು ಹಾಡಲು ಕಲಿತವನು ರಾಗವನ್ನು ಕಲಿತನು, ಅಷ್ಟೆ.

ಇನ್ನೊಂದು ಪಕ್ಷದವರಿದ್ದಾರೆ, ಅವರು ಈ ಲೇಖನವನ್ನು ಇಷ್ಟರವರೆಗೆ ಓದಿ ತಲೆದೂಗುತ್ತಿರಬಹುದು. ಅವರಿಗೂ ಎರಡು ಮಾತು ಹೇಳದೆ ಬಿಡುವಂತಿಲ್ಲ. ಜಾನ್ ಎಂಬಲ್ಲಿ ರಾಮುವೆಂದೂ, ಮೇರಿಯೆಂಬಲ್ಲಿ ಸೀತೆಯೆಂದೂ ತಿದ್ದಿ, ಚಿತ್ರಕ್ಕೆ ಸೀರೆಯುಡಿಸಿದರೆ ಪುಸ್ತಕವು ದೇಶೀಯವಾಯಿತೆಂಬ ಭ್ರಾಂತಿ ಅವರದು. ಆ ರಾಮುವು ಯಾವ ಊರಿನಲ್ಲಿಯೂ ಹುಟ್ಟಿದವನಲ್ಲ. ಅವನು ಸದಾ ಸತ್ಯವನ್ನೇ ನುಡಿಯುತ್ತಾನೆ, ಬೆಳಿಗ್ಗೆ ಐದಕ್ಕೆ ಏಳುತ್ತಾನೆ, ಹಲ್ಲುಜ್ಜುತ್ತಾನೆ. ಅವನ ವಿಷಯವಾಗಿ ಕೇಳಲು ಯಾರಿಗೂ ಏನೂ ಉಳಿದಿರುವುದಿಲ್ಲ. ಮಹಾಪುರುಷರ ಜೀವನಚರಿತ್ರೆಗಳ ಪಾಠಗಳಾದರೋ ಇಂತಹ ವರ್ಷ ಜನನ, ಇಂತಹ ವರ್ಷ ಬಿರುದು, ಇಂತಹ ವರ್ಷ ನಿಧನ ಎಂದು ಶಾಸನದಂತೆ ಸಾಗುತ್ತವೆ, ಅದರ ಮೇಲೆ ಪ್ರಶ್ನೋತ್ತರಗಳ ಗೈಡು, ಗೈಡಿನಿಂದ ಉತ್ತರಪತ್ರಿಕೆ. ಇಂಗ್ಲಿಷಿನಲ್ಲಿ ತೇರ್ಗಡೆಯಾದರೂ ಬ್ಯಾಂಕಿನ ಅರ್ಜಿಯೊಂದನ್ನು ತುಂಬಲು ಅಂಜುವ ತರುಣರು ಹೀಗೆ ತಯಾರಾಗುತ್ತಾರೆ. ಪರದೇಶದ ಮಂಜುಬೊಂಬೆಯಲ್ಲಿ ಒಂದು ಕುತೂಹಲವಾದರೂ ಉಂಟು. ಈ ರಾಮುವಿನಲ್ಲಿ ಅದೂ ಇಲ್ಲ. ಆದುದರಿಂದ ಪ್ರಶ್ನೆಯು ಸ್ವದೇಶ ವಿದೇಶಗಳದಲ್ಲ. ಓದಿದ ಮಗುವು ಪುಸ್ತಕದ ಮಾತಿಗೆ ಮಾರುತ್ತರ ಕೊಡಬಲ್ಲುದೆ, ಹೌದೆಂದೊ ಅಲ್ಲವೆಂದೊ ಹೇಳಬಲ್ಲುದೆ ಎಂಬುದೇ ಪ್ರಶ್ನೆ. ಮಾರುತ್ತರಕ್ಕೆ ಎಡೆಯಿರುವ ಪಾಠವಾದರೆ ಅದು ಎಸ್ಕಿಮೋ ಜನರದಾದರೂ ಬಾಧಕವಿಲ್ಲ. ಆದರೆ ಅದು ನಾಲ್ಕೈದು ವರ್ಷಗಳ ತರುವಾಯ ಬರಬೇಕಾದುದು. ಶಬ್ದಗಳು ಕೈಗೆ ಬಂದ ಮೇಲೆ ಕಾಣದ ಲೋಕವನ್ನು ಕಾಣಲು ಅವೇ ಸಾಧನವಾಗುತ್ತವೆ.

ಕನ್ನಡದ ಮೂಲಕ ಅರ್ಥ ಹೇಳುವ ಕ್ರಮದಲ್ಲಿ ಇನ್ನೊಂದು ಅನ್ಯಾಯವು ಅಡಗಿದೆ. ವಿದ್ಯಾವಂತರ ಮನೆಗಳಲ್ಲಿ ಅದನ್ನು ಯೋಚಿಸುವವರು ಅಪರೂಪ. ಇದೇ ತಾಲ್ಲೂಕಿನ ಲಂಬಾಣಿ ತಾಂಡಾಗಳಲ್ಲಿ ತಾಯಿಯ ಮಾತು ಕನ್ನಡವಲ್ಲ. ತೆಲುಗಿನ, ಉರ್ದುವಿನ ಮನೆಗಳೂ ಇವೆ. ಅಲ್ಲಿಂದ ಬಂದ ಆರು ವರ್ಷದ ಮಗುವಿಗೆ ಕನ್ನಡವೇ ಶಾಲೆಯಲ್ಲಿ ಕಲಿಯಬೇಕಾದ ಭಾಷೆ, ಇಂಗ್ಲಿಷು ಮೂರನೆಯದು. ಕಾಣದ ಪದಾರ್ಥವನ್ನು ಅರೆಬರೆ ತಿಳಿದ ಭಾಷೆಯ ಮೂಲಕ ವಿವರಿಸಿ, ಏನೇನೂ ತಿಳಿಯದ ಭಾಷೆಯನ್ನು ಕಲಿಸುವುದೆಂದರೆ ಕುರುಡನಿಗೆ ಕನ್ನಡಿ ಹಿಡಿದಂತಲ್ಲದೆ ಮತ್ತೇನು? ಅದೇ ಮಗುವಿನ ಮುಂದೆ ಬಳೆಯನ್ನೊ, ರಾಗಿಯ ತೆನೆಯನ್ನೊ, ಕುರಿಮರಿಯನ್ನೊ ಇಟ್ಟರೆ ನಡುವೆ ತರ್ಜುಮೆಯ ದಲ್ಲಾಳಿಯೇ ಬೇಕಾಗುವುದಿಲ್ಲ. ತಾಂಡಾದ ಮಗುವೂ ಪಟೇಲರ ಮಗುವೂ ಆಗ ಒಂದೇ ಗೆರೆಯಲ್ಲಿ ನಿಲ್ಲುವರು. ಕುರಿಮರಿಯ ವಿಷಯದಲ್ಲಿಯಂತೂ ಗೊಲ್ಲರಹಟ್ಟಿಯ ಮಗುವೇ ಮುಂದು.

ಇಂತಹ ಸಾಮಗ್ರಿಯು ಒಳ್ಳೆಯ ಇಂಗ್ಲಿಷಿನಲ್ಲಿ ಎಲ್ಲಿದೆಯೆಂದು ಕೇಳಬಹುದು. ಹಳ್ಳಿಯ ಉಪಾಧ್ಯಾಯನು ತಾನೇ ಬರೆದರೆ ಭಾಷೆ ಕೆಟ್ಟೀತೆಂಬ ಭಯ ನ್ಯಾಯವಾದುದೇ. ಆದರೆ ದಾರಿದ್ರ್ಯವು ಜನರೆಣಿಸುವಷ್ಟಿಲ್ಲ. ಅಜ್ಜಿಯರು ಹೇಳುವ ಕನ್ನಡ ಕಥೆಗಳನ್ನು ಎ. ಕೆ. ರಾಮಾನುಜನ್ನರು ಸಂಗ್ರಹಿಸಿ ತಿಳಿಯಾದ ಇಂಗ್ಲಿಷಿಗೆ ತಂದಿದ್ದಾರೆ. ಹೂವಾಗುವ ಹುಡುಗಿಯ ಕಥೆಯ ಹೆಸರನ್ನೇ ಹೊತ್ತ ಆ ಸಂಕಲನವು 1997ರಲ್ಲಿ ಪ್ರಕಟವಾಯಿತು. ಕಥೆಯನ್ನು ಮನೆಯಲ್ಲಿ ಕೇಳಿಬಂದ ಮಗುವು ಅದನ್ನೇ ಇಂಗ್ಲಿಷಿನಲ್ಲಿ ಓದುವಾಗ ಮುಂದೇನಾಗುವುದೆಂದು ತಾನೇ ಊಹಿಸಿ, ಗೊತ್ತಿಲ್ಲದ ಶಬ್ದವನ್ನು ಹಾರಿಕೊಂಡು ಹೋಗುವುದು. ಅಜ್ಜಿಯ ಕಥೆಯಲ್ಲಿ ಹೀಗಿರಲಿಲ್ಲವೆಂದು ಜಗಳಕ್ಕೂ ನಿಲ್ಲುವುದು. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರು ಶಾಲಾಬಾಲಕನೊಬ್ಬನ ಕಷ್ಟಸುಖಗಳನ್ನು 1935ರಷ್ಟು ಹಿಂದೆಯೇ ಕಾದಂಬರಿಯಾಗಿ ಬರೆದರು. ಎಂಟು ಒಂಬತ್ತನೆಯ ತರಗತಿಗೆ ಅದಕ್ಕಿಂತ ಸರಳವೂ ಶುದ್ಧವೂ ಆದ ಗದ್ಯವನ್ನು ಯಾವ ಪರದೇಶದ ವಾಚಕದಿಂದ ತರುವರು? ನಾಟಕದ ಮಾತೂ ಉಂಟು. ಸಾಣೇಹಳ್ಳಿಯು ಇದೇ ತಾಲ್ಲೂಕಿನ ಗ್ರಾಮ. ಅಲ್ಲಿಂದ 1997ರಲ್ಲಿ ಆರಂಭವಾದ ಶಿವಸಂಚಾರವು ಊರೂರಿಗೆ ನಾಟಕಗಳನ್ನು ಕೊಂಡೊಯ್ಯುತ್ತದೆ. ಅವನ್ನು ನೋಡಿ ಬಂದ ಹುಡುಗರು ಮಾತುಗಳನ್ನು ಒಪ್ಪಿಸುವ ಠೀವಿಯನ್ನು ಬಲ್ಲವರು, ಎರಡು ಪುಟದ ಇಂಗ್ಲಿಷ್ ಸಂಭಾಷಣೆಯನ್ನು ಇವರು ಆಡಲಾರರೆಂದು ಹೇಳಲಾರರು. ಅಂಗಡಿಯವನೂ ಗಿರಾಕಿಯೂ ಬಳೆಗೆ ಚೌಕಾಶಿ ಮಾಡುವ ಸಂಭಾಷಣೆಯಾದರೆ ಇನ್ನೂ ಲೇಸು.

ಗೃಹಸ್ಥರಲ್ಲಿ ಅನೇಕರು, ದೂರವಾಣಿಯ ಪರದೆಯ ಮೇಲೆ ಕುಣಿಯುವ ಇಂಗ್ಲಿಷ್ ಹಾಡುಗಳನ್ನು ಮಗುವಿನ ಕೈಗಿತ್ತು, ಉಚ್ಚಾರಣೆಯಾದರೂ ಸರಿಯಾಗುತ್ತದೆಂದು ನಿಶ್ಚಿಂತರಾಗಿದ್ದಾರೆ. ಉಚ್ಚಾರಣೆಯು ಬಂದೀತು. ಗಿಳಿಗೂ ಬರುತ್ತದೆ. ಆ ಪರದೆಯು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಮಗುವು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಹಾಡು ಬಂದಿರುತ್ತದೆ.

ಬುಕನನ್ನನ ಮೂರು ಸಂಪುಟಗಳು ಇಂದು ಅಂತರಜಾಲದಲ್ಲಿ ಯಾವ ಶುಲ್ಕವೂ ಇಲ್ಲದೆ ಓದಲು ದೊರೆಯುತ್ತವೆ. ಮತ್ತೋಡಿನ ಗಾಜಿನ ಭಾಗವು ಬಹು ದೀರ್ಘವಾದುದಲ್ಲ. ಅದರ ಉದ್ದುದ್ದನೆಯ ವಾಕ್ಯಗಳನ್ನು ಮುರಿದು, ಅಪರೂಪದ ಶಬ್ದಗಳನ್ನು ತೆಗೆದು, ಆರನೆಯ ತರಗತಿಯ ಇಂಗ್ಲಿಷಿಗೆ ಇಳಿಸಲು ಉಪಾಧ್ಯಾಯರೊಬ್ಬರಿಗೆ ಬೇಸಗೆಯ ರಜದಲ್ಲಿ ಎರಡು ದಿನ ಸಾಕು. ಬಿಳಿಯ ವೈದ್ಯನೊಬ್ಬನು ತಮ್ಮೂರಿಗೆ ಬಂದು ಏನೇನು ಕೇಳಿದನೆಂಬುದನ್ನು ಆ ಮಕ್ಕಳು ಓದಲಿ. ಅವನು ಕೇಳದೆ ಬಿಟ್ಟುದೇನು ಎಂದು ಮನೆಯ ಮುದುಕಿಯರನ್ನು ವಿಚಾರಿಸಿ ಬಂದು, ಎಂಟು ಸಾಲು ಇಂಗ್ಲಿಷಿನಲ್ಲಿ ಬರೆಯಲಿ. ಹಳದಿ ಬಳೆಗೆ ಗಿರಾಕಿ ಹೆಚ್ಚೆಂದು ಗೆಜೆಟಿಯರು ಹೇಳುತ್ತದೆ. ಅದು ನಿಜವೆ, ಹಸಿರಿಗಲ್ಲವೆ ಎಂದು ಆ ಮುದುಕಿಯರು ಕೇಳದೆ ಬಿಡಲಾರರು.